ಚಿಂಚೋಳಿಯ ವೀರೇಂದ್ರ ಪಾಟೀಲರು ಮತ್ತು ನಮ್ಮ ಪಾಲಿನ ರೊಕ್ಕ

ನಮ್ಮ ಚಿತ್ತಾಪುರದಿಂದ ಸೇಡಂ ದಾಟಿ ಮುಂದ ಹೋದ್ರ ಚಿಂಚೋಳಿ ಬರ್ತದ. ಅಲ್ಲಿಯ ಮುಲ್ಲಾಮಾರಿ ಹೊಳೆಯ ನೀರು ನಮ್ಮ ಕಾಗಿಣಾ ನದಿಗೇ ಬಂದು ಸೇರ್ತದ. ಆ ಊರಿನವರು ಒಬ್ಬರು ಎರಡು ಸಲ ಇಡೀ ರಾಜ್ಯಕ್ಕೆ ಮುಖ್ಯಮಂತ್ರಿ ಆಗಿದ್ದರು. ಅವರೇ ವೀರೇಂದ್ರ ಪಾಟೀಲರು. ಮುಖ್ಯಮಂತ್ರಿ ಅಂದ್ರ ಬೊಕ್ಕಸದ ಕೀಲಿಕೈ ಇದ್ದವರು ಅಂತ ನಾವೆಲ್ಲ ತಿಳಿದಿರ್ತೀವಿ. ಹಂಗಿದ್ದ ಮೇಲೆ, ಅವರು ಹುಟ್ಟಿದ ಚಿಂಚೋಳಿ, ಅದರ ಮಗ್ಗುಲಿನ ಸೇಡಂ, ನಮ್ಮ ಚಿತ್ತಾಪುರ ಈ ಮೂರೂ ತಾಲ್ಲೂಕುಗಳು 2002ರಲ್ಲಿ ಸರಕಾರವೇ ಮಾಡಿಸಿದ ಪಟ್ಟಿಯಲ್ಲಿ ಅತ್ಯಂತ ಹಿಂದುಳಿದವು ಅಂತ ಯಾಕೆ ಬಂದವು? ಅವರ ಜೀವನ ಓದುತ್ತಾ ಹೋದರೆ ಇದಕ್ಕೆ ಅರ್ಧ ಉತ್ತರ ಸಿಗ್ತದ. ಪೂರ್ತಿ ಸಿಗೂದಿಲ್ಲ. ಸಿಕ್ಕಷ್ಟು ಬರೆದಿದ್ದೇನೆ.

ವೀರೇಂದ್ರ ಪಾಟೀಲರು 1924ನೇ ಇಸವಿ ಫೆಬ್ರವರಿ 28ರಂದು ಚಿಂಚೋಳಿಯಲ್ಲಿ ಜನಿಸಿದರು. ಆಗ ನಮ್ಮ ಭಾಗದಲ್ಲಿ ಇಂಗ್ಲಿಷರ ನೇರ ಆಳ್ವಿಕೆ ಇರಲಿಲ್ಲ. ಹೈದರಾಬಾದಿನ ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು, ದೊಡ್ಡ ಓದಿನ ಭಾಷೆಯೂ ಉರ್ದು. ಕನ್ನಡ ಮನೆಯಾಗ, ಹೊಲದಾಗ, ಮಠದಾಗ. ನಮ್ಮ ಹಿರಿಯರು ಇಂದಿಗೂ ರೊಕ್ಕ ಕಟ್ಟಿದ ಚೀಟಿಗೆ ರಸೀದಿ, ಕಾಗದದ ಕಟ್ಟಿಗೆ ದಫ್ತರ ಅಂತಾರಲ್ಲ, ಅವೆಲ್ಲ ಆ ಕಚೇರಿಗಳಿಂದ ಬಂದ ಮಾತುಗಳೇ. ಹೆಚ್ಚಿನ ಓದಿಗೆ ಹೈದರಾಬಾದಿಗೆ ಹೋಗಬೇಕಿತ್ತು. ಪಾಟೀಲರೂ ಹೋದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಹಳೇ ಮೈಸೂರು ರಾಜ್ಯದಲ್ಲಿ 1881ರಲ್ಲೇ ಪ್ರಜಾ ಪ್ರತಿನಿಧಿ ಸಭೆ ಶುರು ಆಗಿತ್ತು. ಅಲ್ಲಿಗೆ ಹೋದವರಿಗೆ ಆಳುವ ಅಧಿಕಾರ ಇರಲಿಲ್ಲ, ಆದರೆ ನಮ್ಮೂರಿಗೆ ಕೆರೆ ಬೇಕು, ರಸ್ತೆ ಬೇಕು ಅಂತ ದಿವಾನರ ಎದುರಿಗೆ ನಿಂತು ಕೇಳುವ ರೂಢಿ ಬೆಳೆಯಿತು. ನಮ್ಮ ಭಾಗದ ರೈತ ಓಟು ಹಾಕಿ ತನ್ನ ಸರಕಾರ ಆರಿಸಿದ್ದು 1952ರಲ್ಲಿ. ಕೇಳುವ ರೂಢಿಯಲ್ಲೇ 70 ವರ್ಷದ ಅಂತರ ಬಿತ್ತು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಕನ್ನಡದವರೆಲ್ಲ ಒಂದೇ ಮನೆಯವರಾದದ್ದು ಸಂತೋಷವೇ. ಆದರೆ ಆ ಮನೆಯಲ್ಲಿ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ಕರೆಂಟು, ವಿಶ್ವವಿದ್ಯಾಲಯ ಎಲ್ಲಾ ಮೊದಲೇ ಇದ್ದವು. ನಾವು ಬರಿಗೈಲಿ ಬಂದು ಪಂಗತಿಯ ಕೊನೆಗೆ ಕೂತ ತಮ್ಮಂದಿರ ಹಾಂಗ ಆಯ್ತು.

1957ರ ಚುನಾವಣೆಯಲ್ಲಿ ಪಾಟೀಲರು ಚಿಂಚೋಳಿಯಿಂದ ವಿಧಾನಸಭೆಗೆ ಗೆದ್ದರು. 1962ರಲ್ಲೂ ಗೆದ್ದರು, 1967ರಲ್ಲೂ ಗೆದ್ದರು. ಆ ಕಾಲದ ಹಿರಿಯ ನಾಯಕ ಎಸ್. ನಿಜಲಿಂಗಪ್ಪನವರಿಗೆ ಇಬ್ಬರು ಶಿಷ್ಯರಿದ್ದರು. ಒಬ್ಬರು ಇವರು, ಇನ್ನೊಬ್ಬರು ರಾಮಕೃಷ್ಣ ಹೆಗಡೆಯವರು. ಇಬ್ಬರನ್ನೂ ಮಂದಿ ಲವ ಕುಶ ಅಂತ ಕರೀತಿದ್ದರು. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಪಾಟೀಲರು ಲೋಕೋಪಯೋಗಿ ಖಾತೆ ನೋಡಿಕೊಂಡರು. ರಸ್ತೆ, ಸೇತುವೆ, ಅಣೆಕಟ್ಟು ಎಲ್ಲಿ ಆಗಬೇಕು ಅನ್ನುವ ಖಾತೆ ಅದು. 1964ರ ಮೇ 22ರಂದು ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ಸುರಪುರ, ಶಹಾಪುರ, ಜೇವರ್ಗಿಯ ಹೊಲಗಳಿಗೆ ನೀರು ಬಂದದ್ದು ಈ ಯೋಜನೆಯಿಂದ. ಆದರೆ ಅಡಿಗಲ್ಲಿಗೂ ಕಾಲುವೆಗೂ ನಡುವೆ ಒಂದು ತಲೆಮಾರೇ ಕಳೆದುಹೋಯಿತು. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಅಣೆಕಟ್ಟನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರಬಹುದು. ಗುಡ್ಡದ ನಡುವೆ ನೀರು ಬಹಳ ಚಂದ ಕಾಣ್ತದ. ಅದು ಸಣ್ಣದು.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದರು. ಕುರ್ಚಿ ಖಾಲಿ ಆಯ್ತು. ಆ ವರ್ಷ ಮೇ 29ರಂದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆದರು. ವಯಸ್ಸು 44. ನಿಜಾಮರ ಸೀಮೆಯಿಂದ ಬಂದು 12 ವರ್ಷ ಆಗಿರಲಿಲ್ಲ, ಆಗಲೇ ನಮ್ಮವರೊಬ್ಬರು ವಿಧಾನಸೌಧದ ಮೇಲಿನ ಕುರ್ಚಿಗೆ ಏರಿದರು. ಇದು ಸಾಮಾನ್ಯ ಸಂಗತಿ ಅಲ್ಲ. ನಮ್ಮ ವಾಡಿಯ ಎಸಿಸಿ ಸಿಮೆಂಟು ಕಾರ್ಖಾನೆ ಶುರು ಆದದ್ದೂ 1968ರಲ್ಲೇ. ನಮ್ಮ ನೆಲದ ಸುಣ್ಣದ ಕಲ್ಲು ಸಿಮೆಂಟಾಗಿ ರೈಲಿನಲ್ಲಿ ಹೊರಗೆ ಹೋಗ್ತದ. ಕಲ್ಲಿನ ರಾಜಧನ ಬೆಂಗಳೂರಿಗೆ ಹೋಗ್ತದ, ಕೇಂದ್ರದ ತೆರಿಗೆ ದೆಹಲಿಗೆ ಹೋಗ್ತದ. ಹಾಂಗ ಹೋದದ್ದು ಅನುದಾನ ಅನ್ನುವ ಹೆಸರಿನಲ್ಲಿ ತಿರುಗಿ ಬರಬೇಕು. ಎಷ್ಟು ಬರಬೇಕು, ಯಾವ ಊರಿಗೆ ಬರಬೇಕು ಅನ್ನುವುದೇ ಈ ಲೇಖನದ ಗಂಟು.

ಇದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಘಟನೆ 1969ರಲ್ಲಿ ನಡೆಯಿತು. ಕೇಂದ್ರವು ರಾಜ್ಯಗಳಿಗೆ ಯೋಜನೆಯ ಹಣವನ್ನು ಯಾವ ಲೆಕ್ಕದಲ್ಲಿ ಹಂಚಬೇಕು ಅಂತ ರಾಷ್ಟ್ರೀಯ ಅಭಿವೃದ್ಧಿ ಮಂಡಳಿ ಒಂದು ಸೂತ್ರ ಒಪ್ಪಿಕೊಂಡಿತು. ಯೋಜನಾ ಆಯೋಗದ ಡಿ.ಆರ್. ಗಾಡ್ಗೀಳರ ಹೆಸರಿನಲ್ಲಿ ಅದಕ್ಕೆ ಗಾಡ್ಗೀಳ್ ಸೂತ್ರ ಅಂತಾರ. ವಿಶೇಷ ರಾಜ್ಯಗಳ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ನೂರಕ್ಕೆ 60 ಪಾಲು ಜನಸಂಖ್ಯೆ ನೋಡಿ, 10 ಪಾಲು ಬಡ ರಾಜ್ಯಗಳಿಗೆ, 10 ಪಾಲು ತೆರಿಗೆ ಎತ್ತುವ ಪ್ರಯತ್ನಕ್ಕೆ, 10 ಪಾಲು ನಡೆದಿರುವ ದೊಡ್ಡ ನೀರಾವರಿ ಮತ್ತು ವಿದ್ಯುತ್ ಕೆಲಸಗಳಿಗೆ, 10 ಪಾಲು ಆಯಾ ರಾಜ್ಯದ ವಿಶೇಷ ಸಮಸ್ಯೆಗಳಿಗೆ. ಎಲ್ಲಾ ಮುಖ್ಯಮಂತ್ರಿಗಳೂ ಆ ಮಂಡಳಿಯ ಸದಸ್ಯರು. ನಮ್ಮ ರಾಜ್ಯದ ಪರವಾಗಿ ಆಗ ಇದ್ದವರು ಪಾಟೀಲರು. ಅಂದ್ರ ರಾಜ್ಯ ರಾಜ್ಯಗಳ ನಡುವೆ ಹಂಚಲು ಒಂದು ತಕ್ಕಡಿ ಬಂತು. ಆದರೆ ಒಂದು ರಾಜ್ಯದ ಒಳಗೆ, ಮಂಡ್ಯಕ್ಕೆ ಎಷ್ಟು ಗುಲ್ಬರ್ಗಾಕ್ಕೆ ಎಷ್ಟು ಅಂತ ತೂಗುವ ತಕ್ಕಡಿ ಯಾರೂ ಮಾಡಲಿಲ್ಲ. ಅಲ್ಲಿ ನಡೆದದ್ದು ಕೇಳಿದವರಿಗೆ, ಗಟ್ಟಿಯಾಗಿ ಕೇಳಿದವರಿಗೆ, ಬಹಳ ಮಂದಿ ಸೇರಿ ಕೇಳಿದವರಿಗೆ ಅನ್ನುವ ಲೆಕ್ಕ. ಪಾಟೀಲರು ಆ ತಕ್ಕಡಿ ಮಾಡಬಹುದಿತ್ತು ಅಂತ ನನ್ನ ಅನಿಸಿಕೆ. ಆದರೆ ಅವರ ಪರಿಸ್ಥಿತಿಯನ್ನೂ ನೋಡಬೇಕು.

ಅದೇ ಕಾಲದಲ್ಲಿ ಕಾವೇರಿ ಕಣಿವೆಯ ಹೇಮಾವತಿ, ಕಬಿನಿ, ಹಾರಂಗಿ ಅಣೆಕಟ್ಟುಗಳ ಗದ್ದಲ ಜೋರಾಗಿತ್ತು. ತಮಿಳುನಾಡಿನ ಜೊತೆ ನೀರಿನ ಜಗಳ ಇದ್ದುದರಿಂದ ಕೇಂದ್ರ ಒಪ್ಪಿಗೆ ಕೊಡಲಿಲ್ಲ, ರೊಕ್ಕವನ್ನೂ ಕೊಡಲಿಲ್ಲ. ಮೈಸೂರು ರಾಜ್ಯ ತನ್ನ ಸ್ವಂತ ಬೊಕ್ಕಸದಿಂದಲೇ ಕೆಲಸ ಮಾಡಿತು. ಹೇಮಾವತಿ ಕೆಲಸ ಗೊರೂರಿನಲ್ಲಿ ಶುರು ಆದದ್ದು 1968ರಲ್ಲಿ. ಹಾಸನ, ಮಂಡ್ಯ, ಮೈಸೂರು ಕಡೆಯ ಶಾಸಕರು ಪಕ್ಷ ಯಾವುದೇ ಇರಲಿ ಒಂದೇ ದನಿಯಲ್ಲಿ ಕೇಳ್ತಿದ್ದರು. ಅವರು ಕೇಳಿದ್ದು ತಪ್ಪಲ್ಲ, ಅಲ್ಲಿಯ ರೈತರಿಗೂ ನೀರು ಬೇಕು. ಆದರೆ ನೋಡಿರಿ, ಬರಗಾಲದ ಚಿಂಚೋಳಿಯ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸ್ವಂತ ರೊಕ್ಕ ಕಾವೇರಿ ಕಡೆಗೆ ಹರಿಯಿತು. ಯಾಕಂದ್ರ ಮುಖ್ಯಮಂತ್ರಿ ಆದವರು ತಮ್ಮ ಊರಿನ ಓಟಿನಿಂದ ಕುರ್ಚಿಯಲ್ಲಿ ಕೂಡೂದಿಲ್ಲ. ಬೇರೆ ಊರಿನ ಶಾಸಕರ ಬೆಂಬಲದಿಂದ ಕೂಡ್ತಾರ.

ಲೆಕ್ಕ ಬೇಕಾದವರಿಗೆ ಇಲ್ಲಿ ಲೆಕ್ಕ ಕೊಡ್ತೀನಿ. ಈಗ ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ 41. ಉಳಿದ 183 ಬೇರೆ ಕಡೆಯವು. ಹಂಗಂತ ನಮಗೆ ಸ್ಥಾನ ಕಡಿಮೆ ಕೊಟ್ಟಾರ ಅನ್ನಲಿಕ್ಕೆ ಬರೂದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಜನ 6 ಕೋಟಿ 11 ಲಕ್ಷ. ನಮ್ಮ ಭಾಗದವರು ಸುಮಾರು 1 ಕೋಟಿ 12 ಲಕ್ಷ. ಎರಡೂ ಲೆಕ್ಕದಲ್ಲಿ ನಮ್ಮ ಪಾಲು ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ. ತಲೆ ಎಣಿಸಿ ಕೊಟ್ಟದ್ದು ಸರಿಯಾಗೇ ಇದೆ. ತೊಂದರೆ ಎಲ್ಲಿ ಅಂದ್ರ, ಓಟು ತಲೆ ಎಣಿಸ್ತದ, ಹಸಿವು ಎಣಿಸೂದಿಲ್ಲ. ಹೆಚ್ಚು ಹಿಂದೆ ಬಿದ್ದವರಿಗೆ ತಲೆ ಲೆಕ್ಕಕ್ಕಿಂತ ಹೆಚ್ಚು ಬೇಕು. ಅದನ್ನು ಉಳಿದ 183 ಜನ ಒಪ್ಪಬೇಕು. ತಮ್ಮ ಊರಿನ ರಸ್ತೆ ಬಿಟ್ಟು ನಮ್ಮೂರಿಗೆ ರಸ್ತೆ ಆಗಲಿ ಅಂತ ಯಾರು ಕೈ ಎತ್ತುತ್ತಾರೆ?

ನಮ್ಮ ಹಳೇ ಅಣ್ಣತಮ್ಮಂದಿರ ಕಡೆ ಹೊಳ್ಳಿ ನೋಡೋಣ. ಸೇಡಂ ಆಚೆ ಗಡಿ ದಾಟಿದರೆ ತೆಲಂಗಾಣ. 1956ರ ತನಕ ಅವರೂ ನಾವೂ ಒಂದೇ ಹೈದರಾಬಾದ್ ರಾಜ್ಯದವರು. ಅವರು ಆಂಧ್ರಕ್ಕೆ ಹೋಗುವಾಗಲೇ ಕರಾರು ಮಾಡಿಕೊಂಡರು. ತೆಲಂಗಾಣದಲ್ಲಿ ಉಳಿದ ಹಣ ತೆಲಂಗಾಣದಲ್ಲೇ ಖರ್ಚಾಗಬೇಕು ಅನ್ನುವುದು ಅದರಲ್ಲಿ ಒಂದು. ಅದು ನಡೆಯಲಿಲ್ಲ ಅಂತ 1969ರಲ್ಲಿ ವಿದ್ಯಾರ್ಥಿಗಳು ದೊಡ್ಡ ಚಳವಳಿ ಮಾಡಿದರು. 1973ರಲ್ಲಿ ಸಂವಿಧಾನದ 32ನೇ ತಿದ್ದುಪಡಿಯಾಗಿ 371(ಡಿ) ಅನ್ನುವ ವಿಧಿ ಬಂತು. ಓದು ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ರಕ್ಷಣೆ ಸಿಕ್ಕಿತು. ನಾವು ಕರಾರು ಕೇಳದೆ ಬಂದೆವು. ಅವರು ಬೀದಿಗೆ ಇಳಿದ 1969ರಲ್ಲಿ ನಮ್ಮ ಕಡೆಯವರೇ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಆಗಿದ್ದರು. ತಮ್ಮವರೇ ಕುರ್ಚಿಯಲ್ಲಿ ಇದ್ದಾಗ ಯಾರ ವಿರುದ್ಧ ಘೋಷಣೆ ಕೂಗೂದು? ನಮ್ಮವರು ಮೇಲೆ ಇದ್ದಾರೆ ಅನ್ನುವ ಭರವಸೆ ನಮ್ಮ ಬಾಯಿ ಕಟ್ಟಿತು ಅಂತ ನನಗೆ ಅನ್ನಿಸ್ತದ. ಗುರುಗಳು ಒಪ್ಪಲಿಕ್ಕಿಲ್ಲ, ಆದರೂ ಬರೆದಿದ್ದೇನೆ.

ಇನ್ನು ಅವರ ಕಷ್ಟದ ಕಾಲ. 1969ರ ಕೊನೆಗೆ ಕಾಂಗ್ರೆಸ್ ಎರಡು ಹೋಳಾಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ನಿಜಲಿಂಗಪ್ಪ. ಪಾಟೀಲರು ಗುರುವನ್ನು ಬಿಡಲಿಲ್ಲ. ಇದರಿಂದ ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ ಆಯ್ತು. ಸೂತ್ರದ ಪ್ರಕಾರ ಬರುವ ಹಣ ಬಂದೇ ಬರ್ತದ. ಆದರೆ ಸೂತ್ರದ ಹೊರಗೆ, ಮಂತ್ರಿಗಳ ಮರ್ಜಿಯಲ್ಲಿ ಕೊಡುವ ಹಣವೂ ಇರ್ತದಲ್ಲ, ಅದರ ಕತೆ ಬೇರೆ. ನಮ್ಮ ದೇಶದ 14 ರಾಜ್ಯಗಳ ಲೆಕ್ಕ ತೆಗೆದು ಅರ್ಥಶಾಸ್ತ್ರಜ್ಞರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೇಂದ್ರದಲ್ಲಿ ಇರುವ ಪಕ್ಷವೇ ರಾಜ್ಯದಲ್ಲೂ ಇದ್ದು, ಅಲ್ಲಿ ಗೆಲುವು ಸೋಲು ತೂಗಾಡುವ ಹಾಂಗ ಇದ್ದರೆ, ಆ ರಾಜ್ಯಕ್ಕೆ ಇಂಥ ಅನುದಾನ ನೂರಕ್ಕೆ 16ರಷ್ಟು ಹೆಚ್ಚು ಸಿಗ್ತದ ಅಂತ ಅವರು ಕಂಡುಹಿಡಿದರು. ಹೋಲಿಸಿದ್ದು ಯಾರ ಜೊತೆ ಅಂದ್ರ, ಬೇರೆ ಪಕ್ಷದ, ಫಲಿತಾಂಶ ಮೊದಲೇ ಗೊತ್ತಿರುವ ರಾಜ್ಯಗಳ ಜೊತೆ.

ಈ ಎರಡನೇ ಮಾತು ನಮ್ಮ ಜಿಲ್ಲೆಗೆ ಬಹಳ ಹೊಂದ್ತದ. ಕಿರಾಣಿ ಅಂಗಡಿಯವರು ಹೊಸ ಗಿರಾಕಿಗೆ ಬೆಲ್ಲದ ಚೂರು ಕೊಡ್ತಾರ, ಖಾಯಂ ಗಿರಾಕಿಗೆ ಕೊಡೂದಿಲ್ಲ. ಅವರು ಎಲ್ಲಿಗೂ ಹೋಗೂದಿಲ್ಲ ಅಂತ ಗೊತ್ತು. ಗುಲ್ಬರ್ಗಾ ಲೋಕಸಭಾ ಸ್ಥಾನ ಎಷ್ಟೋ ವರ್ಷ ಕಾಂಗ್ರೆಸ್ಸಿನ ಖಾಯಂ ಗಿರಾಕಿ ಆಗಿತ್ತು. 1980ರಲ್ಲಿ ಇಲ್ಲಿಂದ ಗೆದ್ದವರು ಜೇವರ್ಗಿಯ ಧರ್ಮಸಿಂಗರು. ಅದೇ ಚುನಾವಣೆಯಲ್ಲಿ ಕೇರಳದ ಸಿ.ಎಂ. ಸ್ಟೀಫನ್ ಅವರು ನವದೆಹಲಿಯಲ್ಲಿ ವಾಜಪೇಯಿಯವರ ಎದುರು ಸೋತಿದ್ದರು. ಅವರನ್ನು ಗೆಲ್ಲಿಸಲಿಕ್ಕೆ ಧರ್ಮಸಿಂಗರು ರಾಜೀನಾಮೆ ಕೊಟ್ಟರು. ಸ್ಟೀಫನ್ ಗುಲ್ಬರ್ಗಾದಿಂದ ಗೆದ್ದು ಕೇಂದ್ರ ಮಂತ್ರಿಯೂ ಆದರು. ಯಾರನ್ನು ನಿಲ್ಲಿಸಿದರೂ ಗೆಲ್ತಾರೆ ಅನ್ನುವ ನೆಲದಲ್ಲಿ ಮಾತ್ರ ಹೀಗೆ ಮಾಡಲಿಕ್ಕೆ ಆಗ್ತದ.

ಪಾಟೀಲರ ಕತೆಗೆ ಬರ್ತೀನಿ. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೋದವು. ಮಾರ್ಚ್ 18ಕ್ಕೆ ಪಾಟೀಲರು ಅಧಿಕಾರ ಬಿಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂತು. ಆಮೇಲೆ ಅವರು ರಾಜ್ಯಸಭೆಗೆ ಹೋದರು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಉಪಚುನಾವಣೆ ನಡೆಯಿತು. ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತವರು ನಮ್ಮ ಪಾಟೀಲರೇ. ಇಡೀ ದೇಶ ನೋಡಿದ ಚುನಾವಣೆ ಅದು. 70 ಸಾವಿರಕ್ಕಿಂತ ಹೆಚ್ಚು ಓಟಿನಿಂದ ಸೋತರು. ರಾಜಕೀಯ ಎಂಥಾ ವಿಚಿತ್ರ ನೋಡಿ, ಮುಂದೆ ಅವರೇ ಇಂದಿರಾ ಕಾಂಗ್ರೆಸ್ಸಿಗೆ ಹೋದರು. 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು ಇಂದಿರಾ ಅವರ ಮಂತ್ರಿಮಂಡಲದಲ್ಲಿ ಪೆಟ್ರೋಲಿಯಂ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ನೋಡಿಕೊಂಡರು. 1984ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು. ಸ್ಟೀಫನ್ ಅವರು ಆ ವರ್ಷದ ಮೊದಲಿಗೇ ತೀರಿಕೊಂಡಿದ್ದರು.

1989ರಲ್ಲಿ ಪಾಟೀಲರು ರಾಜ್ಯ ಕಾಂಗ್ರೆಸ್ ಅಧ್ಯಕ್ಷರಾಗಿ ಚುನಾವಣೆ ನಡೆಸಿದರು. 224ರಲ್ಲಿ 178 ಸ್ಥಾನ ಬಂದವು. ತಾವು ಮತ್ತೆ ಚಿಂಚೋಳಿಯಿಂದಲೇ ನಿಂತು ಗೆದ್ದರು. ನವೆಂಬರ್ 30ಕ್ಕೆ ಎರಡನೇ ಸಲ ಮುಖ್ಯಮಂತ್ರಿ ಆದರು. 18 ವರ್ಷ ಬಿಟ್ಟು ಅದೇ ಕುರ್ಚಿಗೆ ಬಂದಿದ್ದರು. ಈ ಸಲ ಬೆನ್ನ ಹಿಂದೆ 178 ಜನ ಇದ್ದರು, ಯಾರ ಹಂಗೂ ಇಲ್ಲ ಅನ್ನಿಸಬಹುದು. ಆದರೆ ಹತ್ತೇ ತಿಂಗಳು. 1990ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಅದೇ ಹೊತ್ತಿಗೆ ರಾಮನಗರ, ಚನ್ನಪಟ್ಟಣದ ಕಡೆ ಗಲಭೆಗಳಾದವು. ರಾಜೀವ್ ಗಾಂಧಿಯವರು ಬಂದು ಅವರನ್ನು ನೋಡಿ, ತಿರುಗಿ ಹೋಗುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆ ಅಂತ ಪ್ರಕಟಿಸಿಬಿಟ್ಟರು. ಹಾಸಿಗೆಯಲ್ಲಿದ್ದ ಮನುಷ್ಯರಿಗೆ ಹೀಗೆ ಮಾಡಬಾರದಿತ್ತು ಅಂತ ನಮ್ಮ ಭಾಗದಲ್ಲಿ ಬಹಳ ಜನ ನೊಂದುಕೊಂಡರು. ಅಕ್ಟೋಬರ್ 10ಕ್ಕೆ ರಾಷ್ಟ್ರಪತಿ ಆಳ್ವಿಕೆ, 17ಕ್ಕೆ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿ. ಎರಡೂ ಸಲದ್ದು ಕೂಡಿಸಿದರೆ ಪಾಟೀಲರು ಆ ಕುರ್ಚಿಯಲ್ಲಿ ಕೂತದ್ದು 3 ವರ್ಷ 8 ತಿಂಗಳು ಮಾತ್ರ. ಒಂದು ದೊಡ್ಡ ಕಾಲುವೆ ತೋಡಲಿಕ್ಕೂ ಅಷ್ಟು ಕಾಲ ಸಾಲದು.

ಅವರು ಹೋದ ಮೇಲೆ ಬಂಗಾರಪ್ಪನವರ ಸರಕಾರ 1991ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕಾಯ್ದೆ ಮಾಡಿತು. ಸೊರಬದ ಮುಖ್ಯಮಂತ್ರಿಯ ಕಾಲದಲ್ಲಿ ನಮ್ಮ ಮಂಡಳಿ ಬಂತು. ಅದೇ ವರ್ಷ ಮಲೆನಾಡಿಗೂ ಒಂದು ಮಂಡಳಿಯ ಕಾಯ್ದೆ ಬಂತು ಅನ್ನುವುದನ್ನೂ ಬರೆಯಬೇಕು, ಇಲ್ಲಂದ್ರ ಲೆಕ್ಕ ಅರ್ಧ ಆಗ್ತದ. 1997ರ ಮಾರ್ಚ್ 14ರಂದು ವೀರೇಂದ್ರ ಪಾಟೀಲರು ನಿಧನರಾದರು.

ಅವರು ತೀರಿಕೊಂಡು ಐದು ವರ್ಷಕ್ಕೆ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ವರದಿ ಕೊಟ್ಟಿತು. 1969ರಲ್ಲಿ ಆಗದ ತಕ್ಕಡಿ ಆಗ ಆಯ್ತು. ಆ ಸಮಿತಿ 175 ತಾಲ್ಲೂಕುಗಳನ್ನು 35 ಅಂಶ ನೋಡಿ ತೂಗಿತು. ಬೆಳೆ, ನೀರು, ರಸ್ತೆ, ಶಾಲೆ, ಆಸ್ಪತ್ರೆ ಹೀಗೆ. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದವೇ. ನಾನು ಪಟ್ಟಿಯಲ್ಲಿ ಮೊದಲು ಹುಡುಕಿದ್ದು ಚಿತ್ತಾಪುರ, ಇದೆ. ಸೇಡಂ ಇದೆ. ಚಿಂಚೋಳಿ ಇದೆ. ಎರಡು ವರ್ಷಕ್ಕೆ ಮುಖ್ಯಮಂತ್ರಿ ಆದ ಧರ್ಮಸಿಂಗರ ಜೇವರ್ಗಿಯೂ ಇದೆ. ಇನ್ನೂ ಆಶ್ಚರ್ಯ ಅಂದ್ರ ಬೆಂಗಳೂರಿನ ಮಗ್ಗುಲಿನ ಕನಕಪುರವೂ ಇದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆದ ಮೇಲೆ ಉಪಚುನಾವಣೆಯಲ್ಲಿ ಗೆದ್ದ ಕ್ಷೇತ್ರ ಅದು. ಲವನ ಕ್ಷೇತ್ರ, ಕುಶನ ಕ್ಷೇತ್ರ ಎರಡೂ ಒಂದೇ ಪಟ್ಟಿಯಲ್ಲಿ!

ಹಂಗಾದ್ರ ಪ್ರತಿನಿಧಿಯಿಂದ ಏನೂ ಆಗೂದಿಲ್ಲವೇ? ಹಂಗೂ ಹೇಳಲಿಕ್ಕೆ ಬರೂದಿಲ್ಲ. ಚಿಂಚೋಳಿಯಿಂದಲೇ 1994ರಲ್ಲಿ ಗೆದ್ದ ವೈಜನಾಥ ಪಾಟೀಲರು ತೆಲಂಗಾಣದ ಹಾಂಗ ನಮಗೂ 371ನೇ ವಿಧಿಯ ಸೌಲಭ್ಯ ಬೇಕು ಅಂತ ವರ್ಷಗಟ್ಟಲೆ ಹೋರಾಟ ಮಾಡಿದರು. 2008ರಲ್ಲಿ ನಮ್ಮ ಚಿತ್ತಾಪುರದಿಂದ ವಿಧಾನಸಭೆಗೆ, 2009ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದ ಮಲ್ಲಿಕಾರ್ಜುನ ಖರ್ಗೆಯವರು ಕೇಂದ್ರ ಮಂತ್ರಿ ಆಗಿದ್ದಾಗ ಅದಕ್ಕೆ ದೆಹಲಿಯಲ್ಲಿ ಬಲ ಬಂತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿ 371(ಜೆ) ವಿಧಿ ಆಯ್ತು. ನೌಕರಿ ಮತ್ತು ಓದಿನಲ್ಲಿ ಮೀಸಲು, ಪ್ರತ್ಯೇಕ ಮಂಡಳಿ, ಹಣ ಹಂಚುವಲ್ಲಿ ನ್ಯಾಯ ಇವು ಸಂವಿಧಾನದೊಳಗೆ ಬಂದವು. ಯಾರು ಮುಖ್ಯಮಂತ್ರಿ ಆದರೂ ಅಳಿಸಲಿಕ್ಕೆ ಆಗದ ಜಾಗ ಅದು. ತೆಲಂಗಾಣಕ್ಕಿಂತ 39 ವರ್ಷ ತಡ. (ಹಾಳೆ ಮುಗೀಲಿಕ್ಕೆ ಬಂದದ, ಇಲ್ಲಿಂದ ಅಕ್ಷರ ಸಣ್ಣ ಮಾಡಿದ್ದೇನೆ, ಹತ್ತಿರ ನಿಂತು ಓದಿರಿ.)

ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಂತ ಹೆಸರು. 2022-23ರ ಬಜೆಟ್ಟಿನಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆ ಆಯ್ತು. ಘೋಷಣೆ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. ಈ ಮೂರು ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಕೆಲಸ ಶಾಸಕರದ್ದು. ಯಾವ ಹಳ್ಳಿಗೆ ಯಾವ ಕೆಲಸ ಅನ್ನುವ ಪಟ್ಟಿಯಲ್ಲೂ ಶಾಸಕರ ಮಾತಿಗೆ ತೂಕ ಜಾಸ್ತಿ. ಅಂದ್ರ 39 ತಾಲ್ಲೂಕಿನ ಪಟ್ಟಿಯ ತನಕ ತಕ್ಕಡಿ ಬಂತು, ತಾಲ್ಲೂಕಿನ ಒಳಗೆ ಊರು ಊರುಗಳ ನಡುವೆ ತೂಗುವುದು ಮತ್ತೆ ಕೇಳಿದವರಿಗೆ ಅನ್ನುವ ಲೆಕ್ಕಕ್ಕೇ ನಿಂತಿದೆ.

ಪಾಟೀಲರು ನಾಲ್ಕು ಸಲ ಗೆದ್ದ ಚಿಂಚೋಳಿ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ನಮ್ಮ ಚಿತ್ತಾಪುರವೂ ಹಾಗೆಯೇ. ನಮ್ಮ ತಾಲ್ಲೂಕಿಗೆ ಮಂಡಳಿಯಿಂದ ಬಂದ ಕೆಲಸಗಳ ಪಟ್ಟಿ ಯಾರ ಮನೆಯಲ್ಲಾದರೂ ಇದ್ದರೆ ತಂದುಕೊಡಿ. ಯಾವ ಯಾವ ಹಳ್ಳಿಯ ಹೆಸರು ಅದರಲ್ಲಿ ಇದೆ, ಯಾವುದು ಇಲ್ಲ ಅಂತ ಕೆಳಗೆ ಬಿಟ್ಟಿರುವ ಜಾಗದಲ್ಲಿ ಬರೆದು ಅಂಟಿಸ್ತೀನಿ.